ಸಿಟ್ಟಿಗೆ ಮೊದಲು ಮೈ ಮಾತನಾಡುತ್ತದೆ: ಆಟಿಸಂ ಇರುವ ಮಗು ಭಾವನೆಗಳನ್ನು ನಿಭಾಯಿಸಲು ಕಲಿಯುವ ಬಗೆ

(ತಂದೆತಾಯಿಯರು ಮತ್ತು ಶಿಕ್ಷಕರಿಗಾಗಿ ಏರ್ಪಟ್ಟಿದ್ದ ಸಭೆಯಲ್ಲಿ ವಿಶೇಷ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ತಂದೆತಾಯಿಯರಿಗೂ ಶಿಕ್ಷಕ ಮಿತ್ರರಿಗೂ ನಮಸ್ಕಾರ.

ಈ ಉಪನ್ಯಾಸಕ್ಕೆ ಸಂಘಟಕರು ಮೊದಲು ಸೂಚಿಸಿದ್ದ ಹೆಸರು ‘ಆಟಿಸಂ ಇರುವ ಮಕ್ಕಳಲ್ಲಿ ಭಾವನೆಗಳ ನಿಯಂತ್ರಣ’ ಎಂದಿತ್ತು. ಅದರಲ್ಲಿ ಒಂದು ಪದವನ್ನು ಬದಲಿಸಿಕೊಡಬೇಕೆಂದು ನಾನು ಕೇಳಿಕೊಂಡೆ. ನಿಯಂತ್ರಣ ಎಂದಾಕ್ಷಣ ನಮ್ಮ ಮನಸ್ಸಿಗೆ ಬರುವುದು ಹಿಡಿದಿಡುವುದು, ಅದುಮುವುದು, ಹೊರಗೆ ಕಾಣದಂತೆ ಮಾಡುವುದು. ಅಳು ಬಂದ ಮಗು ಅಳದೆ ಕುಳಿತರೆ, ಸಿಟ್ಟು ಬಂದ ಮಗು ಹಲ್ಲು ಕಚ್ಚಿಕೊಂಡು ಸುಮ್ಮನಾದರೆ, ನಿಯಂತ್ರಣ ಬಂದಿತೆಂದು ನಾವು ಸಮಾಧಾನಪಡುತ್ತೇವೆ. ಆ ಮಗುವಿನ ಒಳಗೆ ಏನೂ ಬದಲಾಗಿರುವುದಿಲ್ಲ. ನಮಗಾಗುತ್ತಿದ್ದ ಮುಜುಗರ ಮಾತ್ರ ತಪ್ಪಿರುತ್ತದೆ. ನಿಭಾಯಿಸುವುದು ಬೇರೆಯದೇ ವಿದ್ಯೆ. ತನ್ನೊಳಗೆ ಏನೋ ಏರುತ್ತಿದೆ ಎಂದು ಗೊತ್ತುಹಚ್ಚುವುದು, ಅದಕ್ಕೊಂದು ಹೆಸರೋ ಸನ್ನೆಯೋ ತನ್ನ ಬಳಿ ಇರುವುದು, ಅದು ಕೈಮೀರುವ ಮುನ್ನ ಮಾಡಬಹುದಾದ ಒಂದೆರಡು ಕೆಲಸಗಳು ಗೊತ್ತಿರುವುದು, ಅವೂ ಸಾಲದಾದಾಗ ಇನ್ನೊಬ್ಬರ ನೆರವು ಕೇಳಲು ಬರುವುದು, ಇಷ್ಟೂ ಸೇರಿದರೆ ನಿಭಾಯಿಸುವಿಕೆ ಆಗುತ್ತದೆ. ಆಟಿಸಂ, ಅಂದರೆ ಇತರರೊಂದಿಗೆ ಬೆರೆಯುವ ಮತ್ತು ಸುತ್ತಲಿನದನ್ನು ಗ್ರಹಿಸುವ ಬಗೆ ಚಿಕ್ಕಂದಿನಿಂದಲೇ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ, ಇರುವ ಮಗುವಿಗೆ ಇದನ್ನು ಕಲಿಸಬಹುದೇ ಎಂದರೆ ಖಂಡಿತ ಕಲಿಸಬಹುದು. ಆದರೆ ನಾವು ಸಾಮಾನ್ಯವಾಗಿ ಆರಂಭಿಸುವ ಜಾಗದಿಂದಲ್ಲ, ಆರಂಭಿಸುವ ಹೊತ್ತಿನಲ್ಲೂ ಅಲ್ಲ. ನನ್ನ ಇಂದಿನ ಮಾತು ಬಹುಮಟ್ಟಿಗೆ ಆ ಜಾಗ ಮತ್ತು ಆ ಹೊತ್ತನ್ನು ಕುರಿತದ್ದು.

ಹಳೆಯ ತಪ್ಪು ತಿಳಿವಳಿಕೆಯೊಂದು ಇನ್ನೂ ನಮ್ಮ ನಡುವೆ ಓಡಾಡುತ್ತಿದೆ. ಅದನ್ನು ಬದಿಗಿಡದೆ ಮುಂದೆ ಹೋಗಲಾಗದು. ಆಟಿಸಂ ಇರುವವರಿಗೆ ಭಾವನೆಗಳೇ ಕಡಿಮೆ ಎಂಬುದು ಆ ತಿಳಿವಳಿಕೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವಿವರಗಳನ್ನು ಆಧರಿಸಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ ಭಾವನಾತ್ಮಕ ಸಂಪರ್ಕದ ತೊಡಕನ್ನು ಎತ್ತಿ ಹೇಳಿದ್ದರು. ಇತರರೊಂದಿಗೆ ಸಂಪರ್ಕ ಕಷ್ಟ ಎಂಬ ಆ ಮಾತು ಜನರ ಬಾಯಲ್ಲಿ ಬರಬರುತ್ತ ಭಾವನೆಯೇ ಇಲ್ಲ ಎಂದಾಯಿತು. ಅದರ ಜೊತೆಗೇ ಇನ್ನೂ ಕ್ರೂರವಾದ ಒಂದು ವಾದ ಬಂತು: ತಾಯಿಯ ಪ್ರೀತಿಯಲ್ಲಿ ಬಿಸುಪು ಇಲ್ಲದಿರುವುದರಿಂದಲೇ ಮಗು ಹೀಗಾಗುತ್ತದೆ ಎಂಬ ವಾದ. ಮನೋವಿಜ್ಞಾನಿಯೂ ಆಟಿಸಂ ಇರುವ ಮಗನ ತಂದೆಯೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಅದಕ್ಕೆ ಆಧಾರವಿಲ್ಲವೆಂದು ತೋರಿಸಿ, ಆಟಿಸಂನ ಮೂಲ ಜೈವಿಕವಾದದ್ದು ಎಂದು ವಾದಿಸಿದರು. ಆ ಆರೋಪ ವಿಜ್ಞಾನದಿಂದ ಹೊರಬಿದ್ದು ಅರ್ಧ ಶತಮಾನ ಕಳೆದಿದ್ದರೂ ಮನೆಗಳಿಂದ ಹೊರಬಿದ್ದಿಲ್ಲ. ಮಗು ನೆಲಕ್ಕೆ ಬಿದ್ದು ಹೊರಳಾಡುತ್ತಿರುವಾಗ ಸುತ್ತಲಿನವರು ಮೊದಲು ತಿರುಗಿ ನೋಡುವುದು ತಾಯಿಯ ಮುಖವನ್ನು. ಇಲ್ಲಿ ಕುಳಿತಿರುವ ತಾಯಂದಿರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಭಾವನೆ ಕಡಿಮೆಯಿಲ್ಲದಿದ್ದರೆ ತೊಡಕು ಎಲ್ಲಿದೆ? ನಾನು ಕಂಡ ಮಕ್ಕಳ ಮಟ್ಟಿಗೆ ಹೇಳುವುದಾದರೆ, ಭಾವನೆ ಮೈತುಂಬ ಬರುತ್ತದೆ, ಆದರೆ ಯಾವುದು ಬಂದಿದೆ ಎಂದು ತಿಳಿಯುವುದಿಲ್ಲ. 1970ರ ದಶಕದ ಆರಂಭದಲ್ಲಿ ಪೀಟರ್ ಸಿಫ್ನಿಯೋಸ್ ಎಂಬ ಮನೋವೈದ್ಯರು ಇಂಥ ಸ್ಥಿತಿಗೆ ‘ಅಲೆಕ್ಸಿಥೈಮಿಯಾ’ ಎಂಬ ಹೆಸರು ಕೊಟ್ಟರು. ಭಾವಕ್ಕೆ ಮಾತಿಲ್ಲದಿರುವುದು ಎಂಬರ್ಥದ ಗ್ರೀಕ್ ಮೂಲದ ಪದ ಅದು. ಅವರು ಅದನ್ನು ಆಟಿಸಂಗಾಗಿ ರೂಪಿಸಲಿಲ್ಲ. ಆದರೆ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯೊಂದರಲ್ಲಿ ಆಟಿಸಂ ಇರುವವರ ಪೈಕಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಈ ತೊಡಕು ಕಂಡುಬಂದಿತು. ಆಟಿಸಂ ಇಲ್ಲದವರಲ್ಲಿ ಅದು ನೂರಕ್ಕೆ ಸುಮಾರು 5 ಮಂದಿಯಲ್ಲಿತ್ತು. ಅರ್ಧದಷ್ಟು ಎಂದರೆ ಎಲ್ಲರೂ ಅಲ್ಲ ಎಂಬುದನ್ನೂ ಮರೆಯಬಾರದು. ನಿಮ್ಮ ಮಗು ಉಳಿದರ್ಧಕ್ಕೆ ಸೇರಿರಬಹುದು, ತನ್ನ ದುಃಖವನ್ನು ನಿಮಗಿಂತ ಚೆನ್ನಾಗಿ ಹೇಳಬಲ್ಲದೂ ಆಗಿರಬಹುದು. ಆದರೆ ಈ ತೊಡಕಿರುವ ಮಗುವನ್ನು “ಯಾಕೆ ಸಿಟ್ಟು ಬಂತು, ಹೇಳು” ಎಂದು ಒತ್ತಾಯಿಸುವುದು, ಕತ್ತಲ ಕೋಣೆಯಲ್ಲಿ ನಿಂತವರನ್ನು ಗೋಡೆಯ ಬಣ್ಣ ಯಾವುದೆಂದು ಕೇಳಿದಂತೆ. ಉತ್ತರ ಬರುವುದಿಲ್ಲ, ಬಂದರೂ ನಮ್ಮನ್ನು ಒಪ್ಪಿಸಲು ಹೇಳಿದ ಉತ್ತರವಾಗಿರುತ್ತದೆ.

ಇದಕ್ಕೂ ಕೆಳಗಿನ ಪದರವೊಂದಿದೆ. ಹಸಿವು, ಬಾಯಾರಿಕೆ, ಮೂತ್ರದ ಒತ್ತಡ, ಎದೆಬಡಿತ, ಉಸಿರಿನ ವೇಗ, ಸ್ನಾಯುಗಳ ಬಿಗಿತ, ಇವೆಲ್ಲದರ ಸುದ್ದಿ ಒಳಗಿನಿಂದ ಮಿದುಳಿಗೆ ಹೋಗುತ್ತಲೇ ಇರುತ್ತದೆ. ತಜ್ಞರು ಇದನ್ನು ಇಂಟರೊಸೆಪ್ಷನ್ ಎನ್ನುತ್ತಾರೆ. ಒಳಮೈಯ ಅರಿವು ಎಂದು ನಾವು ಕರೆದುಕೊಳ್ಳಬಹುದು. ಆಟಿಸಂ ಇರುವ ಅನೇಕರಿಗೆ ಈ ಸುದ್ದಿ ತೀರ ಕ್ಷೀಣವಾಗಿ ಬರುತ್ತದೆ, ಇಲ್ಲವೇ ಎಲ್ಲವೂ ಒಟ್ಟಿಗೆ ಅಬ್ಬರಿಸಿಕೊಂಡು ಬರುತ್ತದೆ. ನಮ್ಮಲ್ಲಿ ಎಂಟು ವರ್ಷದ ಒಬ್ಬ ಹುಡುಗಿ ಇದ್ದಳು. ಹೆಚ್ಚುಕಡಿಮೆ ಪ್ರತಿದಿನ ಒಂದೇ ಹೊತ್ತಿಗೆ ಪಕ್ಕದವರನ್ನು ತಳ್ಳುತ್ತಿದ್ದಳು, ಪುಸ್ತಕಗಳನ್ನು ಎಸೆಯುತ್ತಿದ್ದಳು. ಆ ಹೊತ್ತಿನ ಪಾಠ ಅವಳಿಗೆ ಇಷ್ಟವಿಲ್ಲವೆಂದು ನಾನು ವಾರಗಟ್ಟಲೆ ಪಾಠವನ್ನು ಬದಲಿಸುತ್ತ ಕುಳಿತಿದ್ದೆ. ಕೊನೆಗೆ ಸಹಾಯಕಿಯೊಬ್ಬರು ಗಮನಿಸಿ ಹೇಳಿದ ಮೇಲೆ ಗೊತ್ತಾಯಿತು: ಅವಳಿಗೆ ಮೂತ್ರ ಬಂದಿರುತ್ತಿತ್ತು, ಅದು ಮೂತ್ರ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ, ಸಹಿಸಲಾಗದ ಏನೋ ಒಂದು ಎಂದಷ್ಟೇ ತಿಳಿಯುತ್ತಿತ್ತು. ಅದಕ್ಕೆ ಅರ್ಧ ಗಂಟೆ ಮೊದಲೇ ಶೌಚಾಲಯಕ್ಕೆ ಕರೆದೊಯ್ಯುವ ಏರ್ಪಾಡು ಮಾಡಿದೆವು. ತಳ್ಳುವುದು ಬಹುಪಾಲು ನಿಂತಿತು. ಅಷ್ಟು ವಾರಗಳ ಕಾಲ ನಾನು ಅವಳನ್ನು ‘ಸಿಟ್ಟಿನ ಹುಡುಗಿ’ ಎಂದು ದಾಖಲೆಯಲ್ಲಿ ಬರೆದಿದ್ದೆ ಎಂಬುದು ನನಗೆ ಇವತ್ತಿಗೂ ನೋವಿನ ಸಂಗತಿ.

ಆದ್ದರಿಂದ ಕಲಿಕೆ ಆರಂಭವಾಗಬೇಕಾದ ಜಾಗ ಭಾವನೆಯ ಹೆಸರಲ್ಲ, ಮೈ. ಈ ವಿಷಯದಲ್ಲಿ ಕನ್ನಡ ನಮಗೆ ಒಳ್ಳೆಯ ಜೊತೆಗಾರ. ನಾವು ಭಾವನೆಯನ್ನು ಹೇಳುವುದೇ ಮೈಯ ಮೂಲಕ. ಎದೆ ಝಲ್ಲೆನ್ನುತ್ತದೆ, ಗಂಟಲು ಕಟ್ಟುತ್ತದೆ, ಕೈಕಾಲು ತಣ್ಣಗಾಗುತ್ತವೆ, ಮುಖ ಬಿಸಿಯಾಗುತ್ತದೆ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಮೈ ಹಗುರಾಗುತ್ತದೆ. ‘ಆತಂಕ’ ಎಂಬ ಪದ ಏನನ್ನೂ ತೋರಿಸದ ಮಗುವಿಗೆ ‘ಎದೆ ಢವಢವ ಎನ್ನುತ್ತಿದೆ’ ಎಂಬ ಮಾತು ಕೈಯಿಟ್ಟು ನೋಡಬಹುದಾದ ಸತ್ಯವಾಗುತ್ತದೆ. ಆದರೆ ಇದೇ ನುಡಿಗಟ್ಟುಗಳು ಇನ್ನೊಂದು ತುದಿಯಲ್ಲಿ ಮುಳ್ಳಾಗುತ್ತವೆ, ಏಕೆಂದರೆ ಆಟಿಸಂ ಇರುವ ಅನೇಕ ಮಕ್ಕಳು ಮಾತನ್ನು ಇದ್ದಂತೆಯೇ ತೆಗೆದುಕೊಳ್ಳುತ್ತಾರೆ. ‘ಹೊಟ್ಟೆ ಉರಿ’ ಎಂದರೆ ಅಸೂಯೆ ಎಂದು ಅವರಿಗೆ ತಾನಾಗಿ ಹೊಳೆಯುವುದಿಲ್ಲ. ದಣಿದ ತಾಯಿಯೊಬ್ಬರು “ನಿನ್ನಿಂದ ನನ್ನ ತಲೆ ಸಿಡಿಯುತ್ತಿದೆ ಕಣೋ” ಎಂದಾಗ ಅವರ ಮಗ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರಿಕೊಂಡ. ಸಿಡಿಯುವುದನ್ನು ನೋಡಲು ಅವನಿಗೆ ಧೈರ್ಯವಿರಲಿಲ್ಲ. ಮೈಯಲ್ಲಿ ನಿಜವಾಗಿ ಆಗುವುದನ್ನು ಹೇಳುವ ಮಾತನ್ನು ಇಟ್ಟುಕೊಳ್ಳೋಣ, ಬರಿಯ ಅಲಂಕಾರದ ಮಾತನ್ನು ಅರ್ಥ ಬಿಡಿಸಿ ಹೇಳೋಣ, ಇಲ್ಲವೇ ಅವರ ಮುಂದೆ ಬಿಟ್ಟೇಬಿಡೋಣ.

ಒಳಮೈಯ ಅರಿವನ್ನು ಆಟವಾಗಿಯೇ ಬೆಳೆಸಬಹುದು. ಒಂದು ಕೈಯನ್ನು ತಣ್ಣೀರಿನಲ್ಲಿ, ಇನ್ನೊಂದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಡುವುದು. ಜೇಡಿಮಣ್ಣಿನ ಉಂಡೆಯನ್ನು ಬಿಗಿಯಾಗಿ ಹಿಸುಕಿ ಆಮೇಲೆ ಬೆರಳುಗಳನ್ನು ಸಡಿಲ ಬಿಡುವುದು. ಹತ್ತು ಸಲ ಕುಣಿದು ಎದೆಯ ಮೇಲೆ ಕೈಯಿಟ್ಟು ನೋಡುವುದು, ಸ್ವಲ್ಪ ಹೊತ್ತು ಮಲಗಿ ಮತ್ತೊಮ್ಮೆ ನೋಡುವುದು. ದೊಡ್ಡವರು ಆಡಬೇಕಾದದ್ದು ಒಂದೇ ವಾಕ್ಯ: “ಈಗ ಬೇಗ ಬಡಿಯುತ್ತಿದೆ”, “ಈಗ ನಿಧಾನವಾಯಿತು.” ಪರೀಕ್ಷೆ ಮಾಡಬಾರದು, ‘ಹೇಳು ನೋಡೋಣ’ ಎನ್ನಬಾರದು. ಹಲವು ವಾರಗಳಾದ ಮೇಲೆ, ದಿನದ ನಿಜವಾದ ಸಂದರ್ಭಗಳಲ್ಲಿ ಅದನ್ನು ಭಾವನೆಗೆ ಜೋಡಿಸುತ್ತ ಹೋಗಬಹುದು: “ನಿನ್ನ ಮುಷ್ಟಿ ಬಿಗಿಯಾಗಿದೆ. ಗಾಬರಿ ಆಗಿರಬಹುದು.” ಆ ‘ಇರಬಹುದು’ ಎಂಬುದು ಮುಖ್ಯ. ನಾವು ಊಹಿಸುತ್ತಿದ್ದೇವೆಯೇ ಹೊರತು ಮಗುವಿನ ಒಳಗನ್ನು ಓದುತ್ತಿಲ್ಲ. ನಗುವ, ಅಳುವ, ಹುಬ್ಬುಗಂಟಿಕ್ಕಿದ ಮುಖಗಳ ಚಾರ್ಟನ್ನು ಗೋಡೆಗೆ ಅಂಟಿಸಿ ಪಾಠ ಮುಗಿಸುವ ರೂಢಿ ಬಹಳ ಕಡೆ ಇದೆ. ಅದರಿಂದ ಮಗು ಕಲಿಯುವುದು ಚಿತ್ರದಲ್ಲಿರುವವರ ಮುಖವನ್ನು ಗುರುತಿಸಲು; ತನ್ನ ಎದೆಯಲ್ಲಿ ಏನಾಗುತ್ತಿದೆ ಎಂಬುದನ್ನು ಆ ಚಾರ್ಟು ಹೇಳಿಕೊಡದು.

ಇದರ ಮುಂದಿನ ಹೆಜ್ಜೆ ಒಳಗಿನ ಭಾವನೆ ಎಷ್ಟು ಏರಿದೆ ಎಂಬ ಮಟ್ಟವನ್ನು ಅಳೆಯುವುದು. ಒಂದರಿಂದ ಐದರವರೆಗಿನ ಅಳತೆಪಟ್ಟಿಯನ್ನು ನೀವು ಥೆರಪಿ ಕೇಂದ್ರಗಳಲ್ಲಿ ನೋಡಿರುತ್ತೀರಿ. ಒಳ್ಳೆಯ ಸಾಧನವೇ, ಆದರೆ ಅಚ್ಚು ಹಾಕಿದ ಪಟ್ಟಿಗಿಂತ ಮಗುವಿನ ಆಸಕ್ತಿಯಿಂದಲೇ ಹುಟ್ಟಿದ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ. ಆರು ವರ್ಷದ ಒಬ್ಬ ಹುಡುಗನಿಗೆ ಫ್ಯಾನುಗಳೆಂದರೆ ಪ್ರಾಣ. ಯಾವ ಕೋಣೆಗೆ ಹೋದರೂ ಮೊದಲು ಮೇಲೆ ನೋಡುತ್ತಿದ್ದ, ಆಮೇಲೆ ರೆಗ್ಯುಲೇಟರ್ ಎಲ್ಲಿದೆ ಎಂದು ಹುಡುಕುತ್ತಿದ್ದ. ಅದರ ಮೇಲಿರುವ ಐದು ಅಂಕಿಗಳನ್ನೇ ನಾವು ಬಳಸಿಕೊಂಡೆವು. ಒಂದರಲ್ಲಿ ರೆಕ್ಕೆಗಳನ್ನು ಎಣಿಸಬಹುದು. ಮೂರರಲ್ಲಿ ಎಣಿಸಲಾಗದು, ಆದರೆ ತಂಪಾಗಿರುತ್ತದೆ. ಐದರಲ್ಲಿ ಕಾಗದಗಳು ಹಾರುತ್ತವೆ, ಸದ್ದಿನಲ್ಲಿ ಯಾರ ಮಾತೂ ಕೇಳಿಸದು. ಇವೆಲ್ಲ ಅವನೇ ಕೊಟ್ಟ ವಿವರಣೆಗಳು. ಮೊದಲ ತಿಂಗಳು ನಾವು ಅವನನ್ನು ಏನೂ ಕೇಳಲಿಲ್ಲ, ನಮ್ಮ ಅಂಕಿಯನ್ನು ನಾವೇ ಹೇಳಿಕೊಂಡೆವು: “ಬೀಗದ ಕೈ ಸಿಗುತ್ತಿಲ್ಲ, ನನ್ನದು ಈಗ ಮೂರು. ಒಂದು ನಿಮಿಷ ಕುಳಿತು ಯೋಚಿಸುತ್ತೇನೆ.” ಅವನು ತಾನಾಗಿ ತನ್ನ ಅಂಕಿಯನ್ನು ಹೇಳಿದ್ದು ಆ ತಿಂಗಳು ಕಳೆದ ಮೇಲೆ.

ಇಲ್ಲಿ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದ್ದೇನೆ. ಮಗು ಐದಕ್ಕೆ ಏರಿರುವಾಗ ಅಳತೆಪಟ್ಟಿಯನ್ನು ಮುಖಕ್ಕೆ ಹಿಡಿದು ಎಷ್ಟರಲ್ಲಿದ್ದೀಯ ಎಂದು ಕೇಳುವುದು ಆ ತಪ್ಪು. ಐದರಲ್ಲಿ ಯಾರ ಮಾತೂ ಕೇಳಿಸದು ಎಂದು ಆ ಹುಡುಗನೇ ಹೇಳಿರಲಿಲ್ಲವೇ? ಈ ವಿದ್ಯೆಗೆ ಬೆಲೆಯಿರುವುದು ಎರಡು ಮತ್ತು ಮೂರರ ನಡುವೆ. ಅಲ್ಲಿ ಮಗುವಿಗೆ ಇನ್ನೂ ಯೋಚಿಸಲು ಸಾಧ್ಯ, ಉಪಾಯ ನೆನಪಾಗಲು ಸಾಧ್ಯ. ಕೆಲವು ಮಕ್ಕಳು ಒಂದರಿಂದ ನೇರವಾಗಿ ಐದಕ್ಕೆ ಹಾರುತ್ತಾರೆಂದು ತಂದೆತಾಯಿಯರು ಹೇಳುತ್ತಾರೆ. ಎಷ್ಟೋ ಸಲ ಅವರು ಹಾರಿರುವುದಿಲ್ಲ. ನಡುವಿನ ಮೆಟ್ಟಿಲುಗಳು ಅವರಿಗೂ ಕಂಡಿರುವುದಿಲ್ಲ, ನಮಗೂ ಕಂಡಿರುವುದಿಲ್ಲ. ಬೆರಳು ಆಡಿಸುವ ವೇಗ ಹೆಚ್ಚಿದ್ದು, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಲು ತೊಡಗಿದ್ದು, ದನಿ ಒಂದು ಶ್ರುತಿ ಮೇಲೇರಿದ್ದು, ಕಿವಿಯ ಹಾಲೆ ಕೆಂಪಾದದ್ದು, ಇವನ್ನು ಎರಡು ವಾರ ಬರೆದಿಟ್ಟುಕೊಂಡು ನೋಡಿ. ನಿಮ್ಮ ಮಗುವಿನ ಎರಡು, ಮೂರು, ನಾಲ್ಕು ಅಲ್ಲಿ ಇರುತ್ತವೆ.

ಐದಕ್ಕೆ ಏರಿಯೇಬಿಟ್ಟಾಗ ಏನು ಮಾಡಬೇಕು ಎಂಬುದಕ್ಕೆ ಮೊದಲು, ಅದು ಏನು ಎಂಬುದು ಸ್ಪಷ್ಟವಾಗಬೇಕು. ಹಠಕ್ಕೆ ಒಂದು ಗುರಿ ಇರುತ್ತದೆ: ಬೇಕಾದದ್ದು ಸಿಕ್ಕರೆ ನಿಲ್ಲುತ್ತದೆ, ನೋಡುವವರಿಲ್ಲದಿದ್ದರೆ ತಗ್ಗುತ್ತದೆ. ಮೆಲ್ಟ್‌ಡೌನ್‌ಗೆ, ಅಂದರೆ ಭಾರ ತಾಳಲಾರದೆ ಮಗುವಿನ ಹತೋಟಿಯೇ ತಪ್ಪುವ ಈ ಐದರ ಸ್ಥಿತಿಗೆ, ಗುರಿ ಇಲ್ಲ. ಕೇಳಿದ್ದನ್ನೇ ತಂದುಕೊಟ್ಟರೂ ಅದು ನಿಲ್ಲುವುದಿಲ್ಲ. ಮಗು ತನಗಾಗುವ ಪೆಟ್ಟನ್ನೂ ಲೆಕ್ಕಿಸುವ ಸ್ಥಿತಿಯಲ್ಲಿರುವುದಿಲ್ಲ. ಇದೇ ಭಾರ ಕೆಲವು ಮಕ್ಕಳಲ್ಲಿ ಒಳಮುಖವಾಗುತ್ತದೆ: ಮಾತು ನಿಲ್ಲುತ್ತದೆ, ಕಣ್ಣು ಎಲ್ಲೋ ನೆಡುತ್ತದೆ, ಕರೆದರೆ ಓಗೊಡುವುದಿಲ್ಲ. ಇದನ್ನು ಶಟ್‌ಡೌನ್ ಎನ್ನುತ್ತಾರೆ. ತರಗತಿಯಲ್ಲಿ ಇಂಥ ಮಗು ಯಾರಿಗೂ ತೊಂದರೆ ಕೊಡುವುದಿಲ್ಲವಾದ್ದರಿಂದ ಅದರ ಸಂಕಟ ಯಾರ ಗಮನಕ್ಕೂ ಬರುವುದಿಲ್ಲ. ಹಠವಾಗಿ ಆರಂಭವಾದದ್ದು ಮೆಲ್ಟ್‌ಡೌನ್ ಆಗಿ ಬೆಳೆಯುವುದೂ ಉಂಟು. ಎರಡರ ನಡುವೆ ಗೆರೆ ಎಳೆಯಲು ಯಾವಾಗಲೂ ಸಾಧ್ಯವಾಗದು. ಅನುಮಾನವಿದ್ದಾಗ ಅದನ್ನು ಸಂಕಟವೆಂದೇ ತಿಳಿಯುವುದು ಕಡಿಮೆ ಹಾನಿಯ ದಾರಿ ಎಂಬುದು ನನ್ನ ನಿಲುವು.

ಪೆನ್ಸಿಲ್ ಮುರಿಯಿತು, ಅಷ್ಟಕ್ಕೇ ಇಷ್ಟು ರಂಪವೇ ಎಂದು ಕೇಳುತ್ತಾರೆ. ಆ ದಿನವನ್ನು ಬೆಳಿಗ್ಗೆಯಿಂದ ನೋಡಿಕೊಂಡು ಬನ್ನಿ. ಹೊಸ ಅಂಗಿಯ ಕೊರಳಪಟ್ಟಿ ಚುಚ್ಚುತ್ತಿತ್ತು, ದಿನವೂ ಬರುತ್ತಿದ್ದ ಶಿಕ್ಷಕಿ ಬಂದಿರಲಿಲ್ಲ, ಟ್ಯೂಬ್‌ಲೈಟು ಮಿನುಗುತ್ತಿತ್ತು, ಗಂಟೆ ಕಿವಿಯ ಪಕ್ಕದಲ್ಲೇ ಬಾರಿಸಿತು, ಆಮೇಲೆ ಪೆನ್ಸಿಲ್ ಮುರಿಯಿತು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಯನ್ನು ಪರಿಷ್ಕರಿಸಿದಾಗ, ಸದ್ದು, ಬೆಳಕು, ಸ್ಪರ್ಶಗಳಿಗೆ ಅತಿಯಾಗಿಯೋ ತೀರ ಕಡಿಮೆಯಾಗಿಯೋ ಸ್ಪಂದಿಸುವುದನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಕುಟುಂಬಗಳಿಗೆ ಅದಕ್ಕೂ ಎಷ್ಟೋ ಮೊದಲೇ ತಿಳಿದಿದ್ದ ವಿಷಯವದು. ಭಾವನೆಯನ್ನು ನಿಭಾಯಿಸಲು ಕಲಿಸುತ್ತೇವೆಂದು ಹೊರಟು ಮಿನುಗುವ ಟ್ಯೂಬ್‌ಲೈಟನ್ನು ಹಾಗೆಯೇ ಬಿಟ್ಟರೆ, ಆ ಮಗುವಿಗೆ ನಾವು ಕಲಿಸುತ್ತಿರುವುದು ಸಹಿಸಿಕೊಳ್ಳುವುದನ್ನು ಮಾತ್ರ. ಮೊದಲು ಟ್ಯೂಬ್‌ಲೈಟು ಬದಲಿಸಿ, ನಾಳೆ ಯಾರು ಬರುವುದಿಲ್ಲವೆಂದು ಇವತ್ತೇ ತಿಳಿಸಿ, ದಿನದ ಕ್ರಮವನ್ನು ಚಿತ್ರಗಳಲ್ಲಿ ತೋರಿಸಿ. ಪಾಠ ಆಮೇಲೆ.

ಮೆಲ್ಟ್‌ಡೌನ್ ನಡೆಯುತ್ತಿರುವಾಗ ಮಾಡಬೇಕಾದದ್ದು ಬಹಳ ಕಡಿಮೆ, ಮತ್ತು ಆ ಕಡಿಮೆಯೇ ಕಷ್ಟ. ಪೆಟ್ಟಾಗುವ ವಸ್ತುಗಳನ್ನು ದೂರ ಸರಿಸಿ, ಸುತ್ತ ನಿಂತವರನ್ನು ಕಳಿಸಿ, ಬೆಳಕು ಮತ್ತು ಸದ್ದು ತಗ್ಗಿಸಿ, ಮಗುವಿನ ಎದುರಿಗಲ್ಲದೆ ಪಕ್ಕಕ್ಕೆ, ಸ್ವಲ್ಪ ದೂರದಲ್ಲಿ, ಅದಕ್ಕಿಂತ ಎತ್ತರವಾಗಿ ಕಾಣದಂತೆ ಕುಳಿತುಕೊಳ್ಳಿ. ಮುಟ್ಟಿದರೆ ಹಿತವೆನಿಸುವ ಮಗುವೆಂದು ಮೊದಲೇ ಗೊತ್ತಿದ್ದರೆ ಮಾತ್ರ ಮುಟ್ಟಿ. ಮಾತು ಬೇಕೇಬೇಕೆಂದರೆ “ನಾನಿದ್ದೇನೆ” ಎಂಬಷ್ಟು ಸಾಕು. ಕಾರಣ ಕೇಳುವುದು, ಬುದ್ಧಿ ಹೇಳುವುದು, ಎಣಿಸು ಎನ್ನುವುದು, ಉಸಿರೆಳೆದುಕೋ ಎನ್ನುವುದು, ಇವೆಲ್ಲ ಆ ಹೊತ್ತಿನಲ್ಲಿ ಇನ್ನೊಂದಿಷ್ಟು ಸದ್ದು ಮಾತ್ರ. ಮುಗಿದ ಮೇಲೆ ಮಗು ಬಸವಳಿದಿರುತ್ತದೆ. ಕೆಲವರು ಮಲಗಿಬಿಡುತ್ತಾರೆ, ಕೆಲವರು ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುತ್ತಾರೆ. ಆಗಲೇ ವಿಚಾರಣೆ ಬೇಡ. ಮರುದಿನವೋ ಅದರ ಮರುದಿನವೋ, ಕಡ್ಡಿಚಿತ್ರಗಳನ್ನು ಬರೆದು ಏನಾಯಿತೆಂದು ಒಟ್ಟಿಗೆ ನೋಡಬಹುದು. ಶಿಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಕಟಕ್ಕೆ ಶಿಕ್ಷೆ ಕೊಟ್ಟರೆ ಮಗು ಸಂಕಟವನ್ನು ಬಚ್ಚಿಡಲು ಕಲಿಯುತ್ತದೆ.

ಮಾತು ಬಾರದ, ಅಥವಾ ಒತ್ತಡದಲ್ಲಿ ಮಾತು ಕಳೆದುಕೊಳ್ಳುವ ಮಕ್ಕಳ ಬಗ್ಗೆ ಈಗ ಹೇಳಬೇಕು, ಏಕೆಂದರೆ ಇಂಥ ಸಭೆಗಳಲ್ಲಿ ಅವರ ತಂದೆತಾಯಿಯರು ಇದು ತಮಗಲ್ಲ ಎಂದುಕೊಂಡು ಎದ್ದುಹೋಗುವುದನ್ನು ಕಂಡಿದ್ದೇನೆ. 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಪ್ರಕಟಿಸಿದ ಅಧ್ಯಯನವೊಂದು ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಬೆಳವಣಿಗೆಯ ತೊಡಕುಗಳಿದ್ದ ಮಕ್ಕಳ ‘ತೊಂದರೆಯ ನಡವಳಿಕೆ’ಗಳು ಯಾವ ಸಂದರ್ಭದಲ್ಲಿ ಬರುತ್ತವೆ ಎಂದು ಅವರು ಮೊದಲು ಗಮನಿಸಿದರು: ಕೆಲವರಿಗೆ ಕೆಲಸ ಕಠಿಣವಾದಾಗ, ಕೆಲವರಿಗೆ ಯಾರೂ ಗಮನ ಕೊಡದಿದ್ದಾಗ. ಆಯಾ ಮಗುವಿಗೆ ಬೇಕಾದದ್ದನ್ನು, ಅಂದರೆ ನೆರವನ್ನೋ ಗಮನವನ್ನೋ, ಕೇಳುವ ಸರಳ ಮಾತನ್ನು ಕಲಿಸಿದಾಗ ಆ ನಡವಳಿಕೆ ಇಳಿಯಿತು. ಹೊಡೆತವೂ ಕಚ್ಚುವಿಕೆಯೂ ಒಂದು ಬಗೆಯ ಮಾತು ಎಂಬುದನ್ನು ಒಪ್ಪಿಕೊಂಡರೆ, ಅದಕ್ಕಿಂತ ಸುಲಭವಾದ ಮಾತನ್ನು ಕೊಡುವುದು ನಮ್ಮ ಹೊಣೆಯಾಗುತ್ತದೆ. ‘ಬಿಡುವು ಬೇಕು’ ಎಂಬ ಒಂದು ಕಾರ್ಡು, ಒಂದು ಕೈಸನ್ನೆ, ಟ್ಯಾಬ್ಲೆಟ್‌ನಲ್ಲಿ ಒಂದು ಗುಂಡಿ, ಯಾವುದಾದರೂ ಆದೀತು. ನಿಯಮ ಒಂದೇ: ಮಗು ಕಾರ್ಡು ತೋರಿಸಿದ ಕೂಡಲೇ ಬಿಡುವು ಸಿಗಬೇಕು, ಮೊದಮೊದಲು ಪ್ರತಿ ಸಲವೂ ಸಿಗಬೇಕು. “ಹಾಗಾದರೆ ದಿನವಿಡೀ ಅದನ್ನೇ ತೋರಿಸುತ್ತಾನಲ್ಲ?” ಎಂದು ಶಿಕ್ಷಕರು ಕೇಳುತ್ತಾರೆ. ಮೊದಲ ಕೆಲವು ದಿನ ತೋರಿಸುತ್ತಾನೆ, ನಿಜ. ಕಾರ್ಡಿನ ಮಾತು ನಡೆಯುತ್ತದೆ ಎಂಬ ನಂಬಿಕೆ ಗಟ್ಟಿಯಾದ ಮೇಲೆ, ಇನ್ನೆರಡು ಲೆಕ್ಕ ಮಾಡಿ ಹೋಗು ಎಂದು ಸ್ವಲ್ಪ ಸ್ವಲ್ಪವಾಗಿ ಕಾಯುವುದನ್ನು ಕಲಿಸಬಹುದು. ನಂಬಿಕೆಗೆ ಮೊದಲೇ ಕಾಯಿಸಿದರೆ ಕಾರ್ಡು ಮೂಲೆಗೆ ಬೀಳುತ್ತದೆ, ಹಲ್ಲು ಮತ್ತೆ ಮುಂದೆ ಬರುತ್ತದೆ.

ಕೈ ಬಡಿಯುವುದು, ತೂಗಾಡುವುದು, ಗುನುಗುವುದು, ಸುತ್ತುವುದು, ಇವೂ ಮಗು ತಾನೇ ಕಂಡುಕೊಂಡ ಉಪಾಯಗಳು. ಸ್ವತಃ ಆಟಿಸಂ ಇರುವ ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ಅವರ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ. ಅವರು ಹದಿಹರೆಯದಲ್ಲಿ ತಮ್ಮ ಚಿಕ್ಕಮ್ಮನ ಜಾನುವಾರು ಸಾಕಣೆಯ ತಾಣದಲ್ಲಿ, ಚುಚ್ಚುಮದ್ದಿಗಾಗಿ ದನಗಳನ್ನು ಎರಡು ಬದಿಯಿಂದ ಒತ್ತಿ ನಿಲ್ಲಿಸುವ ಯಂತ್ರವನ್ನು ಕಂಡು, ಆ ಒತ್ತಡದಿಂದ ದನಗಳು ಶಾಂತವಾಗುವುದನ್ನು ಗಮನಿಸಿ, ತಮಗಾಗಿಯೂ ಅಂಥದೊಂದನ್ನು ಕಟ್ಟಿಕೊಂಡರು. ಯಾರಾದರೂ ಅಪ್ಪಿಕೊಂಡರೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ತಾವೇ ಹತೋಟಿ ಹಿಡಿದಿರುವ ಒತ್ತಡ ಹಿತವಾಗಿತ್ತು. ಆ ಯಂತ್ರ ಎಲ್ಲರಿಗೂ ಬೇಕೆಂದಲ್ಲ. ಯಾವುದು ಹಿತ ಎಂಬುದನ್ನು ಆ ಮೈಯೇ ಹೇಳಬೇಕು, ಮತ್ತು ಎಷ್ಟು, ಯಾವಾಗ ಎಂಬ ಹತೋಟಿ ಆ ಮೈಯವರ ಕೈಯಲ್ಲೇ ಇರಬೇಕು ಎಂಬುದಕ್ಕೆ ಇದನ್ನು ಹೇಳಿದೆ. ತನಗೋ ಇತರರಿಗೋ ಪೆಟ್ಟಾಗದ ಯಾವ ಚಲನೆಯನ್ನೂ ನಿಲ್ಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ತಲೆ ಚಚ್ಚಿಕೊಳ್ಳುವಂಥದ್ದಾದರೆ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಚಟುವಟಿಕೆಗಳನ್ನು ನಡೆಸಲು ನೆರವಾಗುವ ಚಿಕಿತ್ಸಕರು) ಮತ್ತು ವೈದ್ಯರ ಸಲಹೆ ಕೂಡಲೇ ಬೇಕು.

“ಶಾಲೆಯಲ್ಲಿ ಏನೂ ತೊಂದರೆಯಿಲ್ಲ, ಮನೆಯಲ್ಲೇ ಹೀಗೆ” ಎಂಬ ಮಾತು ಎಷ್ಟು ತಾಯಂದಿರನ್ನು ನೋಯಿಸಿದೆಯೋ ಲೆಕ್ಕವಿಲ್ಲ. ದಿನವಿಡೀ ಇತರರಂತೆ ಕಾಣಲು ಹೆಣಗಿದ ಮಗು, ಸುರಕ್ಷಿತವೆಂದು ನಂಬಿದ ಜಾಗಕ್ಕೆ ಬಂದ ಕೂಡಲೇ ಕಟ್ಟಿಟ್ಟದ್ದನ್ನೆಲ್ಲ ಬಿಚ್ಚುತ್ತದೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು ಕಾಣುತ್ತದೆ. ಅವರ ಆಟಿಸಂ ತಡವಾಗಿ ಗೊತ್ತಾಗುವುದಕ್ಕೆ ಇದೂ ಒಂದು ಕಾರಣ. ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ: ತರಗತಿಯಲ್ಲಿ ಮಗು ಸುಮ್ಮನಿದೆ ಎಂಬುದನ್ನು ನೆಮ್ಮದಿಯ ಪುರಾವೆಯೆಂದು ತಿಳಿಯದೆ, ಮನೆಯವರ ಮಾತನ್ನೂ ನಿಮ್ಮ ದಾಖಲೆಗೆ ಸೇರಿಸಿಕೊಳ್ಳಿ.

ಯಾವ ಮಗುವೂ, ಆಟಿಸಂ ಇರಲಿ ಇಲ್ಲದಿರಲಿ, ಒಂಟಿಯಾಗಿ ಶಾಂತವಾಗಲು ಕಲಿತಿಲ್ಲ. ಎದೆಗವಚಿಕೊಂಡು ತೂಗಿದ ಯಾರದೋ ಶಾಂತಿಯನ್ನು ಎರವಲು ಪಡೆದೇ ಕಲಿತದ್ದು. ಆಟಿಸಂ ಇರುವ ಮಗುವಿಗೆ ಈ ಎರವಲು ಹೆಚ್ಚು ಕಾಲ ಬೇಕಾಗುತ್ತದೆ, ಅಷ್ಟೇ. ಆಗ ಪ್ರಶ್ನೆ ನಮ್ಮತ್ತ ತಿರುಗುತ್ತದೆ. ನನ್ನ ದನಿ ಏರಿದಾಗ, ನನ್ನ ಉಸಿರು ಬಿರುಸಾದಾಗ ನಾನು ಕೊಡಬಲ್ಲ ಶಾಂತಿ ಎಲ್ಲಿದೆ? ಫ್ಯಾನಿನ ಹುಡುಗ ಒಂದು ದಿನ ನನ್ನ ಮೇಜಿನ ಬಳಿ ಬಂದು, ನನ್ನ ಮುಖ ನೋಡದೆಯೇ, “ನಿಮ್ಮದು ನಾಲ್ಕು” ಎಂದ. ಫೋನಿನಲ್ಲಿ ಯಾರೊಂದಿಗೋ ವಾದಿಸಿ ಮುಗಿಸಿದ್ದೆ. ಯಾರಿಗೂ ಗೊತ್ತಾಗಿಲ್ಲವೆಂದು ತಿಳಿದಿದ್ದೆ. ಇಂಥ ಮಕ್ಕಳು ಇತರರ ಮನಸ್ಸನ್ನು ಅರಿಯಲಾರರು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಇದಕ್ಕೆ ಎದುರಾಗಿ ಹೇಳಿದ್ದು, ಅರ್ಥವಾಗದಿರುವಿಕೆ ಎರಡೂ ಕಡೆಯದು ಎಂದು: ಅವರಿಗೆ ನಾವು ಎಷ್ಟು ಅರ್ಥವಾಗುವುದಿಲ್ಲವೋ ನಮಗೆ ಅವರೂ ಅಷ್ಟೇ ಅರ್ಥವಾಗುವುದಿಲ್ಲ. ದಿನವೂ ದಣಿಯುವ ತಂದೆತಾಯಿಯರಿಗೆ ಶಾಂತವಾಗಿರಿ ಎಂದು ಉಪದೇಶಿಸುವುದು ಸುಲಭ. ಮನೆಯಲ್ಲಿ ಇನ್ನೊಬ್ಬರಿದ್ದರೆ ಸರದಿ ಮಾಡಿಕೊಳ್ಳಿ. ನಿಮ್ಮದು ನಾಲ್ಕಾದಾಗ “ನಾನು ಎರಡು ನಿಮಿಷ ಹೊರಗೆ ನಿಂತು ಬರುತ್ತೇನೆ” ಎಂದು ಹೇಳಿಯೇ ಹೋಗಿ. ನೀವು ಹೋದದ್ದನ್ನೂ ತಗ್ಗಿಸಿಕೊಂಡು ಮರಳಿ ಬಂದದ್ದನ್ನೂ ಮಗು ನೋಡುತ್ತದೆ. ದನಿ ಏರಿಸಿಬಿಟ್ಟಿದ್ದರೆ ಆಮೇಲೆ ಕ್ಷಮೆ ಕೇಳಿ. ನನ್ನ ಅನುಭವದಲ್ಲಿ ಮಕ್ಕಳು ಅದನ್ನು ಬಹಳ ಕಾಲ ನೆನಪಿಡುತ್ತಾರೆ.

ವೈದ್ಯಕೀಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ನಡವಳಿಕೆ ಏಕಾಏಕಿ ಕೆಟ್ಟರೆ ಮನಸ್ಸನ್ನು ಹುಡುಕುವ ಮೊದಲು ಮೈಯನ್ನು ಹುಡುಕಿ: ಹಲ್ಲುನೋವು, ಕಿವಿಸೋಂಕು, ಮಲಬದ್ಧತೆ, ನಿದ್ರೆಯ ಕೊರತೆ, ಮೂರ್ಛೆರೋಗ, ದೊಡ್ಡ ಹುಡುಗಿಯರಲ್ಲಿ ಮುಟ್ಟಿನ ನೋವು. ನೋವನ್ನು ತೋರಿಸಿ ಹೇಳಲಾಗದ ಮಗುವಿನಲ್ಲಿ ಇವೆಲ್ಲ ಸಿಟ್ಟಾಗಿಯೇ ಕಾಣುತ್ತವೆ. ಆಟಿಸಂ ಇರುವ ಮಕ್ಕಳು ಮತ್ತು ಹದಿಹರೆಯದವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಯಾವುದಾದರೊಂದು ಆತಂಕದ ಕಾಯಿಲೆಯೂ ಇರುತ್ತದೆಂದು 2011ರ ವಿಶ್ಲೇಷಣೆಯೊಂದು ತೋರಿಸಿದೆ. ಮಾತಿನಲ್ಲಿ ವಿವರಿಸಬಲ್ಲ ಮಕ್ಕಳಿಗೆ, ಅವರಿಗೆ ಹೊಂದುವಂತೆ ಮಾರ್ಪಡಿಸಿದ ಮನೋಚಿಕಿತ್ಸೆಯಿಂದ ಇದರಲ್ಲಿ ಒಳ್ಳೆಯ ಫಲ ಸಿಗುತ್ತದೆ. ಔಷಧದ ಬಗ್ಗೆ ಅನೇಕರು ಕೇಳುತ್ತೀರಿ. ಆಟಿಸಂ ಜೊತೆಗಿನ ತೀವ್ರ ಸಿಡುಕಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ರಿಸ್ಪೆರಿಡೋನ್‌ಗೆ 2006ರಲ್ಲೂ ಅರಿಪಿಪ್ರಜೋಲ್‌ಗೆ 2009ರಲ್ಲೂ ಅನುಮತಿ ಕೊಟ್ಟಿತು. ಕೆಲವು ಮಕ್ಕಳಿಗೆ ಇವು ನಿಜವಾಗಿ ಬೇಕು; ತೂಕ ಏರುವಂಥ ಅಡ್ಡಪರಿಣಾಮಗಳೂ ಇವೆ, ಆದ್ದರಿಂದ ವೈದ್ಯರ ನಿಗಾ ಬೇಕು. ಔಷಧ ಏರಿಳಿತವನ್ನು ತಗ್ಗಿಸಿ ಕಲಿಯಲು ಅವಕಾಶ ಕೊಡಬಹುದು, ಕಲಿಸುವ ಕೆಲಸ ಆಗಲೂ ಉಳಿದೇ ಇರುತ್ತದೆ.

ಉಪನ್ಯಾಸದ ಬಳಿಕ ಒಬ್ಬ ತಂದೆ ಎದ್ದು ನಿಂತು, “ಇದೆಲ್ಲಕ್ಕೆ ಎಷ್ಟು ವರ್ಷ ಬೇಕು, ಮೇಡಂ?” ಎಂದು ಕೇಳಿದರು. ಫ್ಯಾನಿನ ಹುಡುಗನ ವಿಷಯವನ್ನೇ ಅವರಿಗೆ ಹೇಳಿದೆ. ಅವನಿಗೆ ಈಗ 15 ವರ್ಷ. ಅಂಕಿ ಹೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಕಳೆದ ವರ್ಷ ಅವನ ಶಿಕ್ಷಕರಿಂದ ಒಂದು ದೂರು ಬಂತು: ತರಗತಿಯ ನಡುವೆ ಹೇಳದೆ ಕೇಳದೆ ಎದ್ದು ಹೊರಗೆ ಹೋಗುತ್ತಾನೆ, ಹತ್ತು ನಿಮಿಷ ಮೆಟ್ಟಿಲಿನ ಮೇಲೆ ಕುಳಿತು ಬರುತ್ತಾನೆ, ಇದು ಅಶಿಸ್ತು ಎಂದು. ಒಂಬತ್ತು ವರ್ಷಗಳ ಹಿಂದೆ ಇದೇ ಹುಡುಗ ಅಂಥ ಹೊತ್ತಿನಲ್ಲಿ ಬೆಂಚಿನ ಅಂಚಿಗೆ ಹಣೆ ಬಡಿದುಕೊಳ್ಳುತ್ತಿದ್ದ. ನಾನು ಹೋಗಿ ಶಿಕ್ಷಕರೊಂದಿಗೂ ಅವನೊಂದಿಗೂ ಕುಳಿತು ಮಾತನಾಡಿದೆ. ಕೇಳಿಕೊಂಡು ಹೋಗಬೇಕು ಎಂಬುದು ಅವರ ಪಟ್ಟು. ಆ ಹೊತ್ತಿಗೆ ಮಾತು ಹೊರಡುವುದಿಲ್ಲ ಎಂಬುದು ಅವನ ಉತ್ತರ. ಕೊನೆಗೆ ಎದ್ದು ಹೋಗುವ ಮುನ್ನ ಪುಸ್ತಕವನ್ನು ಮುಚ್ಚಿ ಅದರ ಮೇಲೆ ಪೆನ್ನನ್ನು ಅಡ್ಡಲಾಗಿ ಇಟ್ಟು ಹೋಗುವುದೆಂದು ಇಬ್ಬರೂ ಒಪ್ಪಿದರು. ಪೆನ್ನು ಅಡ್ಡಲಾಗಿದ್ದರೆ ಅವನು ಮೆಟ್ಟಿಲಿನ ಮೇಲಿದ್ದಾನೆ, ತಾನಾಗಿ ಬರುತ್ತಾನೆ, ಯಾರೂ ಹಿಂದೆ ಹೋಗಬೇಕಾಗಿಲ್ಲ.